‘ಮದ್ದು’ ಎಂಬ ಮಾತಿನ ಎರಡು ಅರ್ಥಗಳು

ಕನ್ನಡದಲ್ಲಿ ರೋಗವನ್ನು ಕಳೆಯುವ ವಸ್ತುವಿಗೂ ಸಿಡಿದು ಕೊಲ್ಲುವ ವಸ್ತುವಿಗೂ ಹೆಸರು ಒಂದೇ; ಅದು ಮದ್ದು. ಮನೆಮದ್ದು, ನಾಟಿಮದ್ದು ಎನ್ನುವ ನಾಲಗೆಯೇ ಮದ್ದುಗುಂಡು, ಸಿಡಿಮದ್ದು ಎಂದೂ ನುಡಿಯುತ್ತದೆ. ಇವೆರಡು ಅರ್ಥಗಳು ಒಂದೇ ಪದದಲ್ಲಿ ಹೇಗೆ ನೆಲೆಸಿದವು ಎಂಬುದು ವಿಚಾರಾರ್ಹವಾಗಿದೆ.

ಹಳಗನ್ನಡದಲ್ಲಿ ಈ ಪದದ ರೂಪ ‘ಮರ್ದು’. ತಮಿಳಿನ ‘ಮರುಂದು’, ತೆಲುಗಿನ ‘ಮಂದು’ ಇದರ ಸೋದರ ಪದಗಳು. ಅಲ್ಲಿಯೂ ಎರಡೂ ಅರ್ಥಗಳುಂಟು. ಮೊದಲಿನ ಅರ್ಥ ಔಷಧವೇ. ಸಿಡಿಯುವ ಪುಡಿ ಬಹಳ ತಡವಾಗಿ ನಮ್ಮಲ್ಲಿಗೆ ಬಂದುದು. ಸುಮಾರು 9ನೆಯ ಶತಮಾನದಲ್ಲಿ ಚೀನಾದ ರಸವಾದಿಗಳ ಕೈಯಲ್ಲಿ ಅದು ರೂಪುಗೊಂಡಿತು. ಅವರು ಅರಸುತ್ತಿದ್ದುದು ಸಾವನ್ನು ಗೆಲ್ಲುವ ಔಷಧವನ್ನು! ಚೀನೀ ಭಾಷೆಯಲ್ಲಿ ಇಂದಿಗೂ ಅದರ ಹೆಸರಿಗೆ ‘ಬೆಂಕಿಯ ಮದ್ದು’ ಎಂದೇ ಅರ್ಥ. ಪೆಟ್ಲುಪ್ಪು, ಗಂಧಕ, ಇದ್ದಿಲು ಇವು ಅದರ ಮೂರು ಅಂಗಗಳು. ಗಂಧಕವು ಚರ್ಮರೋಗಕ್ಕೆ ಹಚ್ಚುವ ಗ್ರಂಧಿಗೆ ಅಂಗಡಿಯ ಸರಕು. ಅರೆದು, ತೂಗಿ, ಬೆರೆಸುವ ಕೆಲಸವೂ ವೈದ್ಯನ ಕೆಲಸದಂಥದೇ. ಹೊಸ ಪುಡಿಗೆ ಹಳೆಯ ಹೆಸರು ಸಲ್ಲಲು ಇಷ್ಟು ಸಾಮ್ಯ ಸಾಕು.

ನಮ್ಮ ನಂಜನಗೂಡಿನ ಹೆಸರಿನಲ್ಲೇ ನಂಜು ಇದೆ. ನಂಜನ್ನುಂಡ ಅಲ್ಲಿಯ ದೇವರು ರೋಗಹರನೆಂದು ಪ್ರಸಿದ್ಧ. ಟಿಪ್ಪು ಸುಲ್ತಾನನು ಆತನನ್ನು ‘ಹಕೀಂ ನಂಜುಂಡ’ನೆಂದು ಕರೆದು ಪಚ್ಚೆಯ ಲಿಂಗವನ್ನು ಅರ್ಪಿಸಿದನೆಂದು ಪ್ರತೀತಿ. ಅದೇ ಟಿಪ್ಪುವಿನ ಶ್ರೀರಂಗಪಟ್ಟಣದಲ್ಲಿ ಸಿಡಿಯುವ ಪುಡಿಯನ್ನಿಡುವ ಕಟ್ಟಡಗಳಿಗೆ ‘ಮದ್ದಿನ ಮನೆ’ ಎಂದು ಹೆಸರು. 1799ರ ಮೇ 2ರಂದು ಬ್ರಿಟಿಷರ ಗುಂಡು ತಗುಲಿ ಕೋಟೆಯೊಳಗೆ ರಾಕೆಟ್ಟುಗಳನ್ನಿಟ್ಟಿದ್ದ ಉಗ್ರಾಣವೊಂದು ಸಿಡಿಯಿತು; ಎರಡೇ ದಿನಗಳಲ್ಲಿ ಕೋಟೆ ಬಿದ್ದು ಸುಲ್ತಾನನೂ ಮಡಿದನು. ಉಳಿದ ಮದ್ದಿನ ಮನೆಗಳಲ್ಲಿ ಒಂದನ್ನು 2017ರಲ್ಲಿ ರೈಲಿನ ಜೋಡಿಹಳಿಗಾಗಿ ಇಡಿಯಾಗಿ ಬೇರೆಡೆಗೆ ಸರಿಸಲಾಯಿತು. ನಂಜನಗೂಡಿನ ಕಪಿಲೆಯೂ ಶ್ರೀರಂಗಪಟ್ಟಣದ ಕಾವೇರಿಯೂ ತಿರುಮಕೂಡಲು ನರಸೀಪುರದಲ್ಲಿ ಒಂದಾಗುವಂತೆ, ವೈದ್ಯನ ಮದ್ದೂ ಯೋಧನ ಮದ್ದೂ ಒಂದೇ ಮಾತಿನಲ್ಲಿ ಕೂಡಿವೆ.

ದೋಷವು ಪದದಲ್ಲಿಲ್ಲ, ಪ್ರಯೋಗದಲ್ಲಿದೆ. ಔಷಧವನ್ನು ಕೊಡುವುದು ಚತುರ್ವಿಧ ದಾನಗಳಲ್ಲಿ ಒಂದು. ಆಯುಧ, ಬೆಂಕಿ, ವಿಷಗಳನ್ನು ಕೊಡುವುದನ್ನಾದರೋ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹಿಂಸಾದಾನವೆಂದು ನಿಷೇಧಿಸಿದ್ದಾರೆ. ಕಾಡಂಚಿನ ಊರುಗಳಲ್ಲಿ ಕಾಡುಹಂದಿಗೆಂದು ತಿನಿಸಿನೊಳಗೆ ಸಿಡಿಮದ್ದನ್ನು ಅಡಗಿಸಿಡುವುದು ಇನ್ನೂ ನಿಂತಿಲ್ಲ. ಅರಿಯದೆ ಕಚ್ಚಿದ ಹಸುವಿನ ಬಾಯಿಯೂ ಛಿದ್ರವಾಗುತ್ತದೆ. ಬೆಳೆ ಕಳೆದುಕೊಳ್ಳುವ ರೈತನ ಸಂಕಟ ನಿಜವೇ. ಆದರೆ ಅನ್ನವನ್ನೇ ಕೊಲೆಯ ಸಾಧನವಾಗಿಸುವುದು ಅದಕ್ಕೆ ಪರಿಹಾರವಲ್ಲ. ಇಂತಹ ಸರಕನ್ನು ತೂಗಿ ಕೊಡುವ ವರ್ತಕನಿಗೂ ಇದರಲ್ಲಿ ಹೊಣೆಯುಂಟು. ತಕ್ಕಡಿ ಎತ್ತುವ ಮುನ್ನ ‘ಇದು ಯಾವ ಮದ್ದಿಗೆ?’ ಎಂದು ಕೇಳುವುದು ಅಣುವ್ರತದ ಪಾಲನೆಯೇ ಸರಿ.