ಸೂಜಿಮೊನೆಗೆ ಸಿಕ್ಕ ಪಾದರಸ

ಬೆಳಗ್ಗೆ ಎದ್ದಾಗ ಕಣ್ಣಿನ ರೆಪ್ಪೆ ಊದಿರುತ್ತದೆ. ಸಂಜೆಗೆ ಕಾಲು ಬಾತುಕೊಳ್ಳುತ್ತದೆ. ಮೂತ್ರ ನೊರೆನೊರೆಯಾಗಿ ಹೋಗುತ್ತದೆ. ಕಡೂರು ತಾಲ್ಲೂಕಿನ ಪಂಚನಹಳ್ಳಿಯಲ್ಲಾಗಲಿ, ಕೆನ್ಯಾದ ನೈರೋಬಿಯಲ್ಲಾಗಲಿ, ಮೂತ್ರಪಿಂಡದಿಂದ ಪ್ರೋಟೀನು ಸೋರಿಹೋಗುವ ಕಾಯಿಲೆಯ ಲಕ್ಷಣ ಇದೇ. ಕಾರಣಗಳು ಮಾತ್ರ ಹತ್ತಾರು. ಅವುಗಳಲ್ಲಿ ಯಾವುದೆಂದು ತಿಳಿಯಲು ಬೆನ್ನಿನ ಕಡೆಯಿಂದ ಸೂಜಿ ತೂರಿಸಿ, ಮೂತ್ರಪಿಂಡದಿಂದ ಎಳೆಯಷ್ಟು ಸಣ್ಣ ತುಣುಕು ತೆಗೆದು ಸೂಕ್ಷ್ಮದರ್ಶಕದಡಿ ನೋಡಬೇಕಾಗುತ್ತದೆ. ಇದೇ ಬಯಾಪ್ಸಿ.

ಸ್ವೀಡನ್ನಿನ ನಿಲ್ಸ್ ಆಲ್ವಾಲ್ 1944ರಲ್ಲಿ ಇದಕ್ಕೆ ಕೈಹಾಕಿ, ರೋಗಿಯೊಬ್ಬರು ತೀರಿಕೊಂಡ ಮೇಲೆ ನಿಲ್ಲಿಸಿಬಿಟ್ಟರು. 1951ರಲ್ಲಿ ಕೋಪನ್‌ಹೇಗನ್ನಿನ ಇವರ್ಸೆನ್ ಮತ್ತು ಬ್ರೂನ್ ತಮ್ಮ ಅನುಭವ ಪ್ರಕಟಿಸಿದ ನಂತರವೇ ಈ ವಿದ್ಯೆ ಹಬ್ಬಿದ್ದು. ಆಫ್ರಿಕವೂ ಹೆಚ್ಚು ಕಾಯಲಿಲ್ಲ. ಮೂರು ದಿನಕ್ಕೊಮ್ಮೆ ಮರುಕಳಿಸುವ ಒಂದು ಬಗೆಯ ಮಲೇರಿಯಾ ಜ್ವರಕ್ಕೂ ಮೂತ್ರಪಿಂಡಕ್ಕೂ ಇರುವ ನಂಟನ್ನು ಉಗಾಂಡದ ಕಿಬುಕಮುಸೋಕೆ ಮತ್ತು ಹಟ್ 1967ರಲ್ಲಿ ಇಂಥ ತುಣುಕುಗಳಿಂದಲೇ ವಿವರಿಸಿದರು.

ಹಾಗಾದರೆ ಎಲ್ಲ ಊತಕ್ಕೂ ಮಲೇರಿಯಾವೇ ಕಾರಣವೇ? ಅಲ್ಲವೆಂದು ತೋರಿಸಿದ್ದು ನೈರೋಬಿ. ಅಲ್ಲಿ ಈ ಕಾಯಿಲೆಗೆ ತುತ್ತಾದ 60 ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೈಬಣ್ಣ ತಿಳಿಯಾಗಿಸುವ ಕ್ರೀಮು ಹಚ್ಚುತ್ತಿದ್ದರೆಂದು ವೈದ್ಯರು 1972ರಲ್ಲಿ ವರದಿ ಮಾಡಿದರು. ಕ್ರೀಮಿನಲ್ಲಿ ಇದ್ದದ್ದು ಪಾದರಸದ ಲವಣ. ಅದು ಚರ್ಮಕ್ಕೆ ಕಪ್ಪು ಕೊಡುವ ಮೆಲನಿನ್ ತಯಾರಾಗದಂತೆ ತಡೆಯುತ್ತದೆ, ಜೊತೆಗೇ ಚರ್ಮದ ಮೂಲಕ ರಕ್ತಕ್ಕೂ ಇಳಿಯುತ್ತದೆ. 1974ರಲ್ಲಿ ಅದೇ ಕಿಬುಕಮುಸೋಕೆ ಮತ್ತು ಹಟ್, ಡೇವಿಸ್ ಜೊತೆಗೂಡಿ, ಇಂಥ ಕ್ರೀಮಿನಿಂದ ಮೂತ್ರಪಿಂಡದ ಸೋಸುವ ಪೊರೆ ದಪ್ಪಗಾಗುವುದನ್ನು ದಾಖಲಿಸಿದರು. ಮಲೇರಿಯಾ ಬೆನ್ನತ್ತಿದವರ ಸೂಜಿಗೇ ಅಂಗಡಿಯ ಡಬ್ಬಿಯೂ ಸಿಕ್ಕಿಬಿದ್ದಿತ್ತು!

ಬಿಳಿಯ ಬಣ್ಣದ ವ್ಯಾಮೋಹ ಆಫ್ರಿಕದ ಸೊತ್ತೇನಲ್ಲ. ಹೆಣ್ಣು ನೋಡಲು ಹೋಗುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಐವತ್ತು ವರ್ಷಗಳ ನಂತರ ಇದೇ ಕಥೆ ನೆರೆಯ ಕೇರಳದಲ್ಲಿ ಮರುಕಳಿಸಿತು. ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ 2021ರಿಂದ 2023ರವರೆಗೆ ಪೊರೆ ದಪ್ಪಗಾಗುವ ಈ ರೋಗದ 22 ಪ್ರಕರಣಗಳು ಪತ್ತೆಯಾದವು. ಅವುಗಳಲ್ಲಿ 15 ಮಂದಿಯ ತುಣುಕಿನಲ್ಲಿ ನೆಲ್-1 ಎಂಬ ಪ್ರೋಟೀನು ಕಂಡುಬಂತು. ಆ 15 ಮಂದಿಯನ್ನು ವಿಚಾರಿಸಿದಾಗ 13 ಮಂದಿ ಬಿಳುಪಿನ ಕ್ರೀಮು ಹಚ್ಚಿದ್ದನ್ನು ಒಪ್ಪಿಕೊಂಡರು.

ಬಯಾಪ್ಸಿಗೆ ನುರಿತ ಕೈ, ಒಳ್ಳೆಯ ಪ್ರಯೋಗಾಲಯ, ತುಣುಕನ್ನು ಓದಬಲ್ಲ ತಜ್ಞ ಎಲ್ಲವೂ ಬೇಕು. ಆಫ್ರಿಕದ ಅನೇಕ ಕಡೆ ಇಂದಿಗೂ ಇವು ದುರ್ಲಭ. ಪಂಚನಹಳ್ಳಿಯಂಥ ಊರಿನವರೂ ಇದಕ್ಕಾಗಿ ದೊಡ್ಡ ಪಟ್ಟಣದ ಬಸ್ಸು ಹತ್ತಬೇಕು. ಆದರೆ ಅದಕ್ಕೂ ಮೊದಲಿನ ಪರೀಕ್ಷೆಗೆ ಒಂದು ಗಾಜಿನ ನಳಿಕೆ, ಒಂದಿಷ್ಟು ಬೆಂಕಿ ಸಾಕು. ಪ್ರೋಟೀನು ಇರುವ ಮೂತ್ರ ಕಾಯಿಸಿದರೆ ಮೊಟ್ಟೆಯ ಬಿಳಿಯಂತೆ ಬೆಳ್ಳಗೆ ಗಟ್ಟಿಗಟ್ಟುತ್ತದೆ. ಕೋಟ್ಟಕ್ಕಲ್‌ನ ರೋಗಿಗಳಲ್ಲಿ ಹೆಚ್ಚಿನವರಿಗೆ ಕ್ರೀಮು ಬಿಟ್ಟ ಮೇಲೆ ಈ ಸೋರಿಕೆ ನಿಂತಿತು.