ನೂರು ಮೀಟರು ಮತ್ತು ಗ್ರಾಮಸಭೆ: ಮಂಡ್ಯ, ಮದ್ದೂರು, ಮಳವಳ್ಳಿಯ ಹಿನ್ನೆಲೆಯಲ್ಲಿ ಮದ್ಯ ಸನ್ನದಿನ ಅನುಮೋದನೆ

ಊರಿಗೆ ಮದ್ಯದಂಗಡಿ ಬರುತ್ತದೆ ಎಂಬ ಸುದ್ದಿ ಹಬ್ಬಿದಾಗ ಮಂಡ್ಯ ಸೀಮೆಯ ಹೆಂಗಸರು ಮೊದಲು ಹೋಗುವುದು ಗ್ರಾಮ ಪಂಚಾಯಿತಿ ಕಚೇರಿಗೆ. ಮನೆ ಕಟ್ಟುವುದಕ್ಕೆ ಪರವಾನಗಿ ಕೊಡುವ, ಹೋಟೆಲಿಗೆ ಲೈಸೆನ್ಸು ಕೊಡುವ ಪಂಚಾಯಿತಿಗೆ ಬ್ರಾಂಡಿ ಅಂಗಡಿ ಬೇಡ ಎನ್ನುವ ಅಧಿಕಾರವೂ ಇದ್ದೇ ಇರುತ್ತದೆ ಎಂದು ಅವರು ನಂಬಿರುತ್ತಾರೆ. ಕಾನೂನು ಈ ನಂಬಿಕೆಗೆ ಆಸರೆ ಕೊಡುವುದಿಲ್ಲ. ಕರ್ನಾಟಕದಲ್ಲಿ ಮದ್ಯ ಮಾರಾಟದ ಸನ್ನದು ಕೊಡುವ, ನವೀಕರಿಸುವ, ಅಮಾನತುಗೊಳಿಸುವ ಕಡತ ಅಬಕಾರಿ ನಿರೀಕ್ಷಕರಿಂದ ಉಪ ಆಯುಕ್ತರಿಗೆ, ಜಿಲ್ಲಾಧಿಕಾರಿಗೆ, ಅಬಕಾರಿ ಆಯುಕ್ತರಿಗೆ ಹೀಗೆ ಮೇಲುಮುಖವಾಗಿಯೇ ಸಾಗುತ್ತದೆ. ಪಂಚಾಯಿತಿಯ ಠರಾವು ಅದರೊಳಗೆ ಸೇರಿದರೂ ಒಂದು ಮನವಿಯಾಗಿ ಸೇರುತ್ತದೆಯೇ ಹೊರತು ಷರತ್ತಾಗಿ ಅಲ್ಲ. ಈ ವ್ಯವಸ್ಥೆ ಹೇಗೆ ರೂಪುಗೊಂಡಿದೆ, ಮಂಡ್ಯ, ಮದ್ದೂರು, ಮಳವಳ್ಳಿಯಂಥ ಕಡೆ ಅದರ ಪರಿಣಾಮವೇನು, ಅದನ್ನು ಎಲ್ಲಿ ತಿದ್ದಬೇಕು ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ.

ಮೂಲ ಶಾಸನ 1965ರ ಅಬಕಾರಿ ಕಾಯ್ದೆ. ಅದರಡಿ ಬಂದ ಎರಡು ನಿಯಮಾವಳಿಗಳು ಇಲ್ಲಿ ಮುಖ್ಯ: ಸನ್ನದುಗಳ ಸಾಮಾನ್ಯ ಷರತ್ತುಗಳನ್ನು ಹೇಳುವ 1967ರ ನಿಯಮಗಳು, ಭಾರತೀಯ ಮತ್ತು ವಿದೇಶಿ ಮದ್ಯ ಮಾರಾಟದ 1968ರ ನಿಯಮಗಳು. ಬಾಟಲಿ ಮಾರುವ ಚಿಲ್ಲರೆ ಅಂಗಡಿಗೆ ಸಿಎಲ್-2, ಕ್ಲಬ್ಬಿಗೆ ಸಿಎಲ್-4, ವಸತಿಗೃಹಕ್ಕೆ ಸಿಎಲ್-7, ಊಟದ ಜತೆ ಮದ್ಯ ಕೊಡುವ ಬಾರಿಗೆ ಸಿಎಲ್-9, ಸರ್ಕಾರಿ ಸಂಸ್ಥೆಯಾದ ಎಂಎಸ್‌ಐಎಲ್‌ನ ಮಳಿಗೆಗೆ ಸಿಎಲ್-11ಸಿ ಎಂಬ ವರ್ಗೀಕರಣ ಎರಡನೆಯದರಲ್ಲಿದೆ. ಅಂಗಡಿ ಎಲ್ಲಿರಬಾರದು ಎಂಬುದನ್ನು ಹೇಳುವುದು ಮೊದಲನೆಯದರ 5ನೇ ನಿಯಮ. ದೇವಸ್ಥಾನ, ಮಸೀದಿ ಮೊದಲಾದ ಧಾರ್ಮಿಕ ಸಂಸ್ಥೆ, ಶಾಲೆ, ಆಸ್ಪತ್ರೆ, ರಾಜ್ಯ ಅಥವಾ ಕೇಂದ್ರ ಸರ್ಕಾರದ ಕಚೇರಿ, ಸ್ಥಳೀಯ ಸಂಸ್ಥೆಯ ಕಚೇರಿ ಇವುಗಳಿಂದ 100 ಮೀಟರ್ ಒಳಗೆ ಅಂಗಡಿ ಇರುವಂತಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರೇ ಹೆಚ್ಚಾಗಿ ವಾಸಿಸುವ ಬಡಾವಣೆಯಲ್ಲಿ ಇರುವಂತಿಲ್ಲ. ಹೆದ್ದಾರಿಯ ಮಧ್ಯದಿಂದ 220 ಮೀಟರ್ ಒಳಗೂ ಇರುವಂತಿಲ್ಲ.

ಈ ಪಟ್ಟಿಯಲ್ಲಿ ಸ್ಥಳೀಯ ಸಂಸ್ಥೆಗೆ ಸಿಕ್ಕಿರುವ ಜಾಗವನ್ನು ಗಮನಿಸಬೇಕು. ಪಂಚಾಯಿತಿ ಕಚೇರಿಯ ಗೋಡೆಗೆ ನಿಯಮದಲ್ಲಿ ಬೆಲೆಯಿದೆ, ಏಕೆಂದರೆ ಅಲ್ಲಿಂದ ಅಳತೆ ಹಿಡಿಯಬೇಕು. ಅದೇ ಕಚೇರಿಯಲ್ಲಿ ಕೂತು ಸದಸ್ಯರು ಮಾಡಿದ ತೀರ್ಮಾನಕ್ಕೆ, ಗ್ರಾಮಸಭೆಯಲ್ಲಿ ಊರು ಕೈಯೆತ್ತಿ ಹೇಳಿದ ಮಾತಿಗೆ ಅದೇ ನಿಯಮದಲ್ಲಿ ಎಡೆಯಿಲ್ಲ. ನನ್ನ ವಾದದ ತಿರುಳು ಇದೇ: ನಮ್ಮ ಅಬಕಾರಿ ನಿಯಮ ಸ್ಥಳೀಯ ಸರ್ಕಾರವನ್ನು ಒಂದು ಕಟ್ಟಡವಾಗಿ ಕಂಡಿದೆ, ಸರ್ಕಾರವಾಗಿ ಕಂಡಿಲ್ಲ.

ಪರಿಣಾಮವಾಗಿ ಊರಿನ ಆಕ್ಷೇಪಣೆ ತನ್ನ ನಿಜವಾದ ಕಾರಣವನ್ನು ಬಿಟ್ಟು ಮೀಟರಿನ ವೇಷ ತೊಡಬೇಕಾಗುತ್ತದೆ. ಕೂಲಿಯ ಹಣ ಮನೆ ಮುಟ್ಟುವುದಿಲ್ಲ, ಸಂಜೆ ಹೆಣ್ಣುಮಕ್ಕಳು ಆ ದಾರಿಯಲ್ಲಿ ಬರಲು ಹೆದರುತ್ತಾರೆ, ಹದಿಹರೆಯದ ಹುಡುಗರು ಕೆಡುತ್ತಾರೆ ಎಂದು ತಹಶೀಲ್ದಾರರ ಮುಂದೆ ಹೇಳಿಕೊಂಡರೆ ಅದು ಅಹವಾಲು ಮಾತ್ರ. ಶಾಲೆಯ ಗೇಟಿನಿಂದ ಅಂಗಡಿಯ ಬಾಗಿಲಿಗೆ 92 ಮೀಟರ್ ಇದೆ ಎಂದು ತೋರಿಸಿದರೆ ಅದು ಕಾನೂನು. ಅಳತೆ ಹಿಡಿಯುವುದೂ ನೇರ ಗೆರೆಯಲ್ಲಲ್ಲ. ನಡೆದು ಹೋಗುವವನು ಸಾಮಾನ್ಯವಾಗಿ ಬಳಸುವ ಹತ್ತಿರದ ದಾರಿಯಲ್ಲಿ, ಬಾಗಿಲ ಮಧ್ಯದಿಂದ ಗೇಟಿನ ಮಧ್ಯಕ್ಕೆ. ಅಂಗಡಿಯ ಬಾಗಿಲು ಹಿಂಬದಿಗೆ ತಿರುಗಿದರೆ ದಾರಿ ಉದ್ದವಾಗುತ್ತದೆ, ಸನ್ನದು ನಿಯಮಬದ್ಧವಾಗುತ್ತದೆ, ಊರಿನ ಸ್ಥಿತಿ ಇದ್ದಂತೆಯೇ ಇರುತ್ತದೆ. ಅಬಕಾರಿ ನಿರೀಕ್ಷಕರ ಸ್ಥಳ ಮಹಜರು, ನಕ್ಷೆ, ಅದರ ಮೇಲಿನ ತಕರಾರು, ಮತ್ತೆ ಅಳತೆ ಇವುಗಳಲ್ಲೇ ತಿಂಗಳುಗಳು ಕಳೆಯುತ್ತವೆ.

ಪರಿಶಿಷ್ಟರ ಬಡಾವಣೆಯ ಷರತ್ತು ಈ ಪಟ್ಟಿಯಲ್ಲಿ ಬೇರೆಯದೇ ಬಗೆಯದು. ಉಳಿದೆಲ್ಲ ಕಡೆ ಕಟ್ಟಡ ಅಥವಾ ರಸ್ತೆ ರಕ್ಷಣೆ ಪಡೆದರೆ, ಇಲ್ಲಿ ಮಾತ್ರ ವಾಸಿಸುವ ಜನ ಲೆಕ್ಕಕ್ಕೆ ಬರುತ್ತಾರೆ. ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರವಾದ ಮಳವಳ್ಳಿಯಂಥ ಕಡೆ ಇದರ ಮಹತ್ವ ಹೆಚ್ಚು. ಆದರೆ ಆ ಜನರೂ ಅಲ್ಲಿ ವಾಸಿಸುತ್ತಾರೆ ಎಂಬ ಸಂಗತಿಯಾಗಿ ಬರುತ್ತಾರೆಯೇ ಹೊರತು, ಅಭಿಪ್ರಾಯ ಉಳ್ಳವರಾಗಿ ಅಲ್ಲ. ಕಾಲೊನಿಯ ಒಳಗೆ ಅಂಗಡಿ ಬೇಡ ಎಂದು ಸರ್ಕಾರ ಅವರ ಪರವಾಗಿ ಒಮ್ಮೆ ತೀರ್ಮಾನಿಸಿಬಿಟ್ಟಿದೆ. ಕಾಲೊನಿಗೆ ಹೋಗುವ ದಾರಿಯ ತಿರುವಿನಲ್ಲಿ ಅಂಗಡಿ ಬಂದರೆ ಏನು ಮಾಡಬೇಕೆಂದು ಅವರನ್ನು ಕೇಳುವ ಏರ್ಪಾಡು ಇಲ್ಲ.

ಹೆದ್ದಾರಿಯ ವಿಷಯದಲ್ಲಿ ಇದೇ ಮನೋಭಾವ ರಾಷ್ಟ್ರಮಟ್ಟದಲ್ಲಿ ಕಾಣಿಸಿತು. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟು ತಮಿಳುನಾಡು ಸರ್ಕಾರ ಮತ್ತು ಕೆ. ಬಾಲು ನಡುವಿನ ಪ್ರಕರಣದಲ್ಲಿ ರಾಷ್ಟ್ರೀಯ, ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಬಾರದೆಂದಿತು. 2017ರ ಮಾರ್ಚ್ 31ರಂದು, 20,000 ಅಥವಾ ಅದಕ್ಕಿಂತ ಕಡಿಮೆ ಜನಸಂಖ್ಯೆಯ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯಲ್ಲಿ ಈ ಅಂತರವನ್ನು 220 ಮೀಟರಿಗೆ ಇಳಿಸಿತು. ನಮ್ಮ ಅಬಕಾರಿ ವರ್ಷ ಜುಲೈ 1ರಿಂದ ಜೂನ್ 30ರವರೆಗೆ ಇರುವುದರಿಂದ ಕರ್ನಾಟಕದಲ್ಲಿ ಬಿಸಿ ತಟ್ಟಿದ್ದು 2017ರ ಜುಲೈ 1ರಂದು. ಅದೇ ತಿಂಗಳ 11ರಂದು ಚಂಡೀಗಢದ ಪ್ರಕರಣದಲ್ಲಿ ನ್ಯಾಯಾಲಯ, ಪೌರಾಡಳಿತ ಸಂಸ್ಥೆಗಳ ವ್ಯಾಪ್ತಿಯೊಳಗಿನ ಅಂಗಡಿಗಳಿಗೆ ಈ ನಿರ್ಬಂಧ ಅಡ್ಡಿಯಲ್ಲ ಎಂದು ಸ್ಪಷ್ಟಪಡಿಸಿತು. 2018ರ ಫೆಬ್ರವರಿಯಲ್ಲಿ, ಇದೇ ವಿನಾಯಿತಿಯನ್ನು ಪಂಚಾಯಿತಿ ಪ್ರದೇಶಗಳಿಗೂ ವಿಸ್ತರಿಸಬಹುದೇ ಎಂಬುದನ್ನು ರಾಜ್ಯಗಳ ವಿವೇಚನೆಗೆ ಬಿಟ್ಟಿತು.

ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿ ಮದ್ದೂರು, ಮಂಡ್ಯ ಪಟ್ಟಣಗಳ ನಡುವೆಯೇ ಹಾದುಹೋಗುತ್ತದೆ. ಮಳವಳ್ಳಿಯ ಮೂಲಕ ಕನಕಪುರ–ಕೊಳ್ಳೇಗಾಲ ಹೆದ್ದಾರಿ ಸಾಗುತ್ತದೆ. 2017ರ ಜುಲೈ ನಂತರ ಈ ರಸ್ತೆಗಳಲ್ಲಿ ಅಂಗಡಿಗೆ ಅವಕಾಶ ಇದೆಯೋ ಇಲ್ಲವೋ ಎಂಬುದು ಅದು ಪಟ್ಟಣದ ಎಲ್ಲೆಯ ಒಳಗಿದೆಯೋ ಪಕ್ಕದ ಪಂಚಾಯಿತಿಯಲ್ಲಿದೆಯೋ ಎಂಬುದರ ಮೇಲೆ ನಿಂತಿತು. ಇಲ್ಲಿಯೂ ಸ್ಥಳೀಯ ಸಂಸ್ಥೆ ಒಂದು ಗಡಿರೇಖೆಯಷ್ಟೆ. ಅಪಘಾತ ತಡೆಯುವುದು ನ್ಯಾಯಾಲಯದ ಉದ್ದೇಶ. ಅದು ಯೋಗ್ಯ ಉದ್ದೇಶವೇ. ಆದರೆ ಹೆದ್ದಾರಿಯ ಅಂಗಡಿ ಎದ್ದು ಒಳಗಿನ ಹಳ್ಳಿಯ ಕಡೆಗೆ ಸರಿದರೆ ಚಾಲಕನಿಗೆ ಆದ ಉಪಕಾರದ ಬೆಲೆಯನ್ನು ಹಳ್ಳಿ ತೆರುತ್ತದೆ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ದಶಪಥ ರಸ್ತೆ ಈ ಪಟ್ಟಣಗಳನ್ನು ಬಳಸಿ ಹೋಗುತ್ತದೆ. ವೇಗದ ವಾಹನಗಳು ಊರ ಹೊರಗೆ ಹೋದ ಮೇಲೆ ಹಳೆಯ ರಸ್ತೆಯ ಬದಿಯ ಅಂಗಡಿಯ ಗಿರಾಕಿಗಳು ಬಹುಮಟ್ಟಿಗೆ ಆ ಸುತ್ತಿನ ಜನರೇ. ಹಾಗಾಗಿ ಅಂಗಡಿಯ ಜಾಗ ದಾರಿಹೋಕರ ಪ್ರಶ್ನೆಗಿಂತ ಹೆಚ್ಚಾಗಿ ನಿವಾಸಿಗಳ ಪ್ರಶ್ನೆಯಾಗಿದೆ.

ಸಾಂವಿಧಾನಿಕ ಅಡ್ಡಿ ಏನಾದರೂ ಇದೆಯೇ? ಮದ್ಯ ರಾಜ್ಯಪಟ್ಟಿಯ 8ನೇ ನಮೂದು, ಸ್ಥಳೀಯ ಸರ್ಕಾರ ಅದೇ ಪಟ್ಟಿಯ 5ನೇ ನಮೂದು. ಎರಡೂ ರಾಜ್ಯದ ಕೈಯಲ್ಲೇ ಇವೆ. ಪಾನನಿರೋಧದತ್ತ ಸಾಗಬೇಕೆಂದು 47ನೇ ವಿಧಿ ಹೇಳುತ್ತದೆ. 73ನೇ ತಿದ್ದುಪಡಿ ತಂದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಆರೋಗ್ಯ, ಕುಟುಂಬ ಕಲ್ಯಾಣ, ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ ಎಲ್ಲವೂ ಇವೆ, ಮದ್ಯ ಇಲ್ಲ. ಕುಡಿತದ ಪರಿಣಾಮಗಳನ್ನು ಎದುರಿಸುವ ಹೊಣೆಯನ್ನು ಪಂಚಾಯಿತಿಗೆ ಕೊಟ್ಟು ಅದರ ಮೂಲವನ್ನು ದೂರವಿಟ್ಟಂತಾಗಿದೆ. ಪರಿಶಿಷ್ಟ ಪ್ರದೇಶಗಳಿಗೆ ಅನ್ವಯಿಸುವ 1996ರ ಪೆಸಾ ಕಾಯ್ದೆ ಮಾದಕ ಪದಾರ್ಥಗಳ ಮಾರಾಟವನ್ನು ನಿಯಂತ್ರಿಸುವ ಅಧಿಕಾರವನ್ನು ಗ್ರಾಮಸಭೆಗೂ ಪಂಚಾಯಿತಿಗೂ ಕೊಡಲು ಹೇಳುತ್ತದೆ. ಕರ್ನಾಟಕದಲ್ಲಿ ಐದನೆಯ ಅನುಸೂಚಿಯ ಪ್ರದೇಶವೇ ಇಲ್ಲದ ಕಾರಣ ಆ ಬಾಗಿಲು ನಮಗೆ ತೆರೆಯಲಿಲ್ಲ. ಇನ್ನು ವ್ಯಾಪಾರಿಯ ಹಕ್ಕಿನ ಮಾತು. ಖೋಡೆ ಡಿಸ್ಟಿಲರೀಸ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮದ್ಯದ ವ್ಯಾಪಾರ ಯಾರ ಮೂಲಭೂತ ಹಕ್ಕೂ ಅಲ್ಲ ಎಂದು ಹೇಳಿದೆ. ಹಾಗಾಗಿ ಗ್ರಾಮಸಭೆಯ ಒಪ್ಪಿಗೆಯನ್ನು ಸನ್ನದಿನ ಷರತ್ತಾಗಿಸಲು ಸಂವಿಧಾನ ತಡೆಯೊಡ್ಡುವುದಿಲ್ಲ. ಕಾಯ್ದೆಯ 71ನೇ ಕಲಮು ಕೊಡುವ ನಿಯಮ ರಚನೆಯ ಅಧಿಕಾರದಲ್ಲಿ 5ನೇ ನಿಯಮಕ್ಕೆ ಒಂದು ವಾಕ್ಯ ಸೇರಿಸಿದರೆ ಆಗುವ ಕೆಲಸ ಇದು.

ಆ ವಾಕ್ಯ ಇಷ್ಟು ವರ್ಷ ಸೇರದೆ ಇರುವುದಕ್ಕೆ ವರಮಾನ ದೊಡ್ಡ ಕಾರಣ. 2025–26ರ ಆಯವ್ಯಯದಲ್ಲಿ ಅಬಕಾರಿ ಬಾಬ್ತಿನ ಗುರಿ 40,000 ಕೋಟಿ ರೂಪಾಯಿ. ಸಗಟು ವ್ಯಾಪಾರ 2003ರಿಂದ ರಾಜ್ಯ ಪಾನೀಯ ನಿಗಮದ ಮೂಲಕ ನಡೆಯುತ್ತಿದೆ. 2007ರ ಜುಲೈ 1ರಂದು ಸಾರಾಯಿ ನಿಷೇಧವಾದ ಮೇಲೆ ಎಂಎಸ್‌ಐಎಲ್ ಮಳಿಗೆಗಳು ಹೋಬಳಿ ಮಟ್ಟದವರೆಗೂ ಬಂದವು. ಸನ್ನದು ಕೊಡುವವನೂ, ಸಗಟು ಮಾರುವವನೂ, ಚಿಲ್ಲರೆ ಮಾರುವವನೂ, ಸುಂಕ ವಸೂಲಿ ಮಾಡುವವನೂ ಒಬ್ಬನೇ ಆದಾಗ ಬೇಡ ಎನ್ನುವ ಇನ್ನೊಂದು ದನಿಯನ್ನು ಆತ ತಾನಾಗಿ ಕರೆದು ಕೂರಿಸುವುದು ಸುಲಭವಲ್ಲ. 1933ರಿಂದ ಮೈಶುಗರ್ ಕಾರ್ಖಾನೆಯ ಸುತ್ತ ಬೆಳೆದ ಮಂಡ್ಯಕ್ಕೆ ಕಬ್ಬು, ಕಾಕಂಬಿ, ಮದ್ಯಸಾರದ ನಂಟು ಹೊಸತಲ್ಲ; ಕಬ್ಬು ಬೆಳೆದವನ ಮನೆಯ ದುಡ್ಡು ಅದೇ ಕಾಕಂಬಿಯ ದಾರಿಯಲ್ಲಿ ಖಜಾನೆ ಸೇರುವುದನ್ನು ಈ ಜಿಲ್ಲೆ ಹತ್ತಿರದಿಂದ ಕಂಡಿದೆ.

ಬಹುಪಾಲು ಚರ್ಚೆಗಳಲ್ಲಿ ತಪ್ಪಿಹೋಗುವ ಸಂಗತಿಯೊಂದಿದೆ. ಸುಮಾರು ಮೂರು ದಶಕಗಳಿಂದ ರಾಜ್ಯ ಸರ್ಕಾರ ಹೊಸ ಸಿಎಲ್-2, ಸಿಎಲ್-9 ಸನ್ನದುಗಳನ್ನು ಕೊಡುವುದನ್ನು ನಿಲ್ಲಿಸಿತ್ತು. ಆದರೂ ಊರೂರಲ್ಲಿ ಹೊಸ ಅಂಗಡಿಗಳು ಕಾಣಿಸುತ್ತಲೇ ಬಂದವು. ಇದಕ್ಕೆ ಮೂರು ದಾರಿಗಳಿವೆ. ಹಳೆಯ ಸನ್ನದು ಕೈಬದಲಾಗಿ ಬೇರೆ ಜಾಗಕ್ಕೆ ಸ್ಥಳಾಂತರವಾಗುತ್ತದೆ. ನಿಗದಿತ ಸಂಖ್ಯೆಯ ಕೊಠಡಿ ತೋರಿಸಿ ಸಿಎಲ್-7 ಪಡೆಯಲಾಗುತ್ತದೆ. ಸರ್ಕಾರವೇ ಎಂಎಸ್‌ಐಎಲ್ ಮಳಿಗೆ ತೆರೆಯುತ್ತದೆ. ಆದ್ದರಿಂದ ಹೊಸ ಸನ್ನದಿಗೆ ಮಾತ್ರ ಪಂಚಾಯಿತಿಯ ಒಪ್ಪಿಗೆ ಬೇಕು ಎಂದು ನಿಯಮ ಮಾಡಿದರೆ ನಿಜವಾಗಿ ನಡೆಯುವ ಬದಲಾವಣೆಗಳಲ್ಲಿ ಹೆಚ್ಚಿನವು ಅದರ ಹೊರಗೇ ಉಳಿಯುತ್ತವೆ. ಒಪ್ಪಿಗೆಯ ಷರತ್ತು ಮೊದಲು ಬರಬೇಕಾದದ್ದು ಸ್ಥಳಾಂತರಕ್ಕೆ. 2025–26ರ ಆಯವ್ಯಯ ಭಾಷಣ ಸನ್ನದುಗಳನ್ನು ಎಲೆಕ್ಟ್ರಾನಿಕ್ ಹರಾಜಿನಲ್ಲಿ ಹಂಚುವುದಾಗಿ ಹೇಳಿದ ಮೇಲೆ ಈ ಮಾತಿಗೆ ಇನ್ನಷ್ಟು ತುರ್ತು ಬಂದಿದೆ. ಹರಾಜಿನಲ್ಲಿ ದೊಡ್ಡ ಮೊತ್ತ ಕಟ್ಟಿ ಬಂದವನಿಗೆ ಊರು ಬೇಡ ಎನ್ನುವುದು, ಕಟ್ಟುವ ಮೊದಲು ಬೇಡ ಎನ್ನುವುದಕ್ಕಿಂತ ಬಲು ಕಷ್ಟ.

ಇಷ್ಟು ಹೇಳಿ ಪಂಚಾಯಿತಿಗೆ ಅಧಿಕಾರ ಕೊಟ್ಟುಬಿಡಿ ಎಂದು ನಿಲ್ಲಿಸಲು ನನಗೆ ಮನಸ್ಸಾಗುವುದಿಲ್ಲ. ನಮ್ಮಲ್ಲಿ ದಿನಸಿ ಅಂಗಡಿಗೆ ಸಿಎಲ್-2 ಸನ್ನದು ಸಿಗುವುದಿಲ್ಲ, ಆದರೆ ಹಳ್ಳಿಯ ಚಿಲ್ಲರೆ ಅಂಗಡಿಯಲ್ಲಿ ಬೀಡಿ, ಬಿಸ್ಕತ್ತಿನ ಪಕ್ಕ 90 ಎಂಎಲ್ ಪಾಕೆಟ್ಟು ಸಿಗುತ್ತದೆ. ಮಂಡ್ಯ ಜಿಲ್ಲಾ ಪೊಲೀಸರ ಅಪರಾಧ ಪ್ರಕಟಣೆಗಳಲ್ಲಿ ಅಬಕಾರಿ ಕಾಯ್ದೆಯ ಕಲಂ 15ಎ, 32(3) ಅಡಿಯ ಪ್ರಕರಣಗಳು ಮತ್ತೆ ಮತ್ತೆ ಬರುತ್ತವೆ: ಅಂಗಡಿಯ ಮುಂದೆ ಕುಡಿಯಲು ಅನುಕೂಲ ಮಾಡಿಕೊಟ್ಟದ್ದು, ಕೆಲವು ಪಾಕೆಟ್ಟು, ಖಾಲಿ ಲೋಟ ವಶಪಡಿಸಿಕೊಂಡದ್ದು. ಈ ಅಂಗಡಿಗೆ 100 ಮೀಟರಿನ ಮಿತಿಯಿಲ್ಲ, ಬಾಗಿಲು ಮುಚ್ಚುವ ಹೊತ್ತಿಲ್ಲ, ವಯಸ್ಸಿನ ವಿಚಾರಣೆಯಿಲ್ಲ. ಸನ್ನದಿನ ಅಂಗಡಿಯನ್ನು ಊರಾಚೆಗೆ ಅಟ್ಟಿ ಚಿಲ್ಲರೆ ಅಂಗಡಿಯ ಮಾರಾಟಕ್ಕೆ ಕಣ್ಣು ಮುಚ್ಚುವ ಪಂಚಾಯಿತಿಯಿಂದ ಹೆಂಗಸರಿಗೆ ಏನೂ ಸಿಗಲಾರದು. ಚಿಲ್ಲರೆ ಅಂಗಡಿಯವನು ಊರವನೇ, ಕೆಲವೊಮ್ಮೆ ಸದಸ್ಯರ ನೆಂಟನೇ ಆಗಿರುತ್ತಾನೆ. ಬೇಡ ಎನ್ನುವ ಅಧಿಕಾರದ ಜತೆಗೆ, ಅಕ್ರಮ ಮಾರಾಟ ಕಂಡುಬಂದರೆ ವ್ಯಾಪಾರ ಲೈಸೆನ್ಸು ರದ್ದುಮಾಡಿ ಅಬಕಾರಿ ಇಲಾಖೆಗೆ ಲಿಖಿತವಾಗಿ ತಿಳಿಸುವ ಹೊಣೆಯೂ ಪಂಚಾಯಿತಿಯದಾಗಬೇಕು.

ನೆರೆಯ ಅನುಭವಗಳು ಇಲ್ಲಿ ಉಪಯುಕ್ತ. ಕೇರಳ ತನ್ನ ಪಂಚಾಯತ್ ರಾಜ್ ಕಾಯ್ದೆಯ 232ನೇ ಕಲಮು, ಪೌರಸಭಾ ಕಾಯ್ದೆಯ 447ನೇ ಕಲಮುಗಳ ಮೂಲಕ ಮದ್ಯದಂಗಡಿಗೆ ಸ್ಥಳೀಯ ಸಂಸ್ಥೆಯ ಎನ್‌ಒಸಿ ಬೇಕೆಂದು ಮಾಡಿತ್ತು. 2017ರಲ್ಲಿ ಸುಗ್ರೀವಾಜ್ಞೆ ತಂದು ಅದನ್ನು ಹಿಂಪಡೆಯಿತು. ಕಾಸರಗೋಡಿನ ಕನ್ನಡಿಗರು ಎರಡೂ ಸ್ಥಿತಿಗಳನ್ನು ಕಂಡವರು. ಆಡಳಿತ ಮಂಡಳಿಯ ಕೈಗೆ ಕೊಟ್ಟ ಅಧಿಕಾರವನ್ನು ಒಂದು ಸುಗ್ರೀವಾಜ್ಞೆ ಕಿತ್ತುಕೊಳ್ಳಬಲ್ಲದು. ಮಂಡಳಿಯ ಒಳಗೆ ಅದು ಚೌಕಾಸಿಗೂ ಎಡೆಯಾಗಬಲ್ಲದು ಎಂಬುದನ್ನು ಸ್ಥಳೀಯ ರಾಜಕಾರಣ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಮಹಾರಾಷ್ಟ್ರ ಬೇರೆ ದಾರಿ ಹಿಡಿಯಿತು. ಅಲ್ಲಿ ಊರಿನ ಅಥವಾ ವಾರ್ಡಿನ ಮತದಾರರಲ್ಲಿ, ಇಲ್ಲವೇ ಮಹಿಳಾ ಮತದಾರರಲ್ಲಿ ಶೇ 25ರಷ್ಟು ಮಂದಿ ಅರ್ಜಿ ಕೊಟ್ಟರೆ ಗುಪ್ತ ಮತದಾನ ನಡೆಯುತ್ತದೆ. ಮತಚೀಟಿಯಲ್ಲಿ ನಿಂತ ಬಾಟಲಿ, ಅಡ್ಡ ಮಲಗಿದ ಬಾಟಲಿ ಎಂಬ ಎರಡು ಗುರುತು. ಅಡ್ಡ ಬಾಟಲಿಗೆ ಅರ್ಧಕ್ಕಿಂತ ಹೆಚ್ಚು ಮತ ಬಿದ್ದರೆ ಅಂಗಡಿ ಮುಚ್ಚಬೇಕು. ಹೆಂಗಸರು ಗಂಡಂದಿರ, ಸಾಲ ಕೊಟ್ಟವರ, ಸದಸ್ಯರ ಎದುರು ಕೈಯೆತ್ತಬೇಕಿಲ್ಲ ಎಂಬುದೇ ಈ ವಿಧಾನದ ದೊಡ್ಡ ಗುಣ. ಆದರೆ ಅದು ಅಂಗಡಿ ತೆರೆದ ನಂತರದ ಉಪಾಯ.

ಮೈಸೂರು ಸೀಮೆಯ ಸ್ವಾತಂತ್ರ್ಯ ಹೋರಾಟದಲ್ಲಿ, 1939ರ ತುರುವನೂರಿನಲ್ಲಿ, ಜನ ಈಚಲು ಮರಗಳನ್ನು ಕಡಿದು ಹೆಂಡದ ವಿರುದ್ಧ ತಮ್ಮ ಮಾತು ಹೇಳಿದರು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದು ಮದ್ಯ ನಿಷೇಧ ಕೇಳಿದರು. ಈ ಎರಡರ ನಡುವೆ ಎಂಬತ್ತು ವರ್ಷ ಕಳೆದಿವೆ, ಊರಿನ ಮಾತು ಕೇಳಲು ಕಾನೂನಿನೊಳಗೆ ಒಂದು ಕಲಮು ಹುಟ್ಟಲಿಲ್ಲ. ಜಿಲ್ಲಾಧಿಕಾರಿಗೆ ಶಾಂತಿ ಪಾಲನೆಗಾಗಿ ಕಾಯ್ದೆಯ 21ನೇ ಕಲಮಿನಲ್ಲಿ ಒಂದು ಆದೇಶದಿಂದ ಇಡೀ ತಾಲ್ಲೂಕಿನ ಅಂಗಡಿಗಳನ್ನು ಮುಚ್ಚಿಸುವ ಅಧಿಕಾರವಿದೆ. ಗಣೇಶ ವಿಸರ್ಜನೆಗೂ ಚುನಾವಣೆಗೂ ಅದು ಬಳಕೆಯಾಗುತ್ತದೆ. ಊರಿನ ನೆಮ್ಮದಿಗೆ ಮದ್ಯದಂಗಡಿಯ ನಂಟಿದೆ ಎಂದು ಕಾನೂನೇ ಒಪ್ಪಿರುವಾಗ, ಆ ನೆಮ್ಮದಿಯ ಬಗ್ಗೆ ಹಬ್ಬದ ದಿನ ಅಧಿಕಾರಿ ಮಾತ್ರ ಮಾತಾಡಬಹುದು, ಉಳಿದ ದಿನಗಳಲ್ಲಿ ಊರು ಮಾತಾಡಬಾರದು ಎನ್ನುವುದಕ್ಕೆ ನನಗೆ ತರ್ಕ ಕಾಣುವುದಿಲ್ಲ.

ಆದ್ದರಿಂದ ತಿದ್ದುಪಡಿಯ ರೂಪ ಹೀಗಿರಬೇಕೆಂಬುದು ನನ್ನ ಪ್ರಸ್ತಾವ. ಹೊಸ ಸನ್ನದು, ಸ್ಥಳಾಂತರ, ಸಿಎಲ್-7, ಎಂಎಸ್‌ಐಎಲ್ ಮಳಿಗೆ ಯಾವುದೇ ಇರಲಿ, ಸ್ಥಳ ಮಹಜರಿಗೆ ಮೊದಲೇ ಅರ್ಜಿಯ ವಿವರ ಪಂಚಾಯಿತಿಯ ಫಲಕದಲ್ಲಿ ಪ್ರಕಟವಾಗಬೇಕು. ಆ ಗ್ರಾಮದ ವಾರ್ಡ್ ಸಭೆ, ಪಟ್ಟಣದಲ್ಲಾದರೆ ಆ ವಾರ್ಡಿನ ಮತದಾರರು, ನಿಗದಿತ ಅವಧಿಯೊಳಗೆ ಗುಪ್ತ ಮತದಲ್ಲಿ ತೀರ್ಮಾನ ಹೇಳಬೇಕು. ಮತ ಹಾಕಿದವರಲ್ಲಿ ಅರ್ಧದಷ್ಟಾದರೂ ಹೆಂಗಸರಿರಬೇಕು. ಬೇಡ ಎಂಬ ತೀರ್ಮಾನ ಸದಸ್ಯರ ಮಂಡಳಿಯನ್ನೂ ಜಿಲ್ಲಾಧಿಕಾರಿಯನ್ನೂ ಕಟ್ಟಿಹಾಕಬೇಕು. ಬೇಕು ಎಂದರೂ ಅಂತರದ ಷರತ್ತುಗಳು, ಪರಿಶಿಷ್ಟರ ಬಡಾವಣೆಯ ರಕ್ಷಣೆ ಸಡಿಲವಾಗಬಾರದು. ಜೂನ್ 30ಕ್ಕೆ ಮುಗಿಯುವ ಸನ್ನದಿನ ನವೀಕರಣಕ್ಕೆ ಪ್ರತಿವರ್ಷ ಮತದಾನ ನಡೆಸುವುದು ಆಗದ ಮಾತು. ಅಲ್ಲಿ ಮಹಾರಾಷ್ಟ್ರದಂತೆ ಅರ್ಜಿ ಬಂದಾಗ ಮಾತ್ರ ಮತದಾನ ನಡೆಸಿದರೆ ಸಾಕು. ಮಂಡ್ಯ, ಮದ್ದೂರು, ಮಳವಳ್ಳಿ ಈ ಪ್ರಯೋಗಕ್ಕೆ ಒದಗುವ ತಾಲ್ಲೂಕುಗಳು: ನಗರ, ಪಟ್ಟಣ, ಹೆದ್ದಾರಿ ಬದಿಯ ಹಳ್ಳಿ, ಗಗನಚುಕ್ಕಿಯಂಥ ಪ್ರವಾಸಿ ತಾಣ, ಕಬ್ಬಿನ ಕಾರ್ಖಾನೆಯ ಊರು ಎಲ್ಲವೂ ಒಂದರ ಪಕ್ಕ ಒಂದು ಇಲ್ಲಿವೆ. ಹರಾಜಿಗೆ ಹೋಗುವ ಸನ್ನದುಗಳ ಷರತ್ತಿನಲ್ಲೇ ಇದನ್ನು ಸೇರಿಸಿದರೆ, ಹಣ ಕಟ್ಟುವವನಿಗೂ ತಾನು ಯಾರ ಒಪ್ಪಿಗೆ ಪಡೆಯಬೇಕು ಎಂಬುದು ಮೊದಲ ದಿನವೇ ಗೊತ್ತಿರುತ್ತದೆ.