ಚಿತ್ರದ ಅಳತೆ ಬದಲಾವಣೆ (ಡಿಜಿಟಲ್)

ಡಿಜಿಟಲ್ ಚಿತ್ರದ ಪಿಕ್ಸೆಲ್‌ಗಳ ಸಂಖ್ಯೆಯನ್ನು ಹೆಚ್ಚಿಸುವ ಅಥವಾ ತಗ್ಗಿಸುವ ಕ್ರಿಯೆ, ಬಳಕೆಯಲ್ಲಿ ‘ರೀಸೈಜ್’. ಅಂಚು ಕತ್ತರಿಸುವ ಕ್ರಾಪ್ ಬೇರೆ. ಇಲ್ಲಿ ಇಡೀ ದೃಶ್ಯ ಹಾಗೇ ಉಳಿಯುತ್ತದೆ. 4000×3000 ಪಿಕ್ಸೆಲ್‌ನ ಫೋಟೊವನ್ನು ವಿಂಡೋಸ್‌ನ ಪೇಂಟ್‌ನಲ್ಲಿ ತೆರೆದು, ರೀಸೈಜ್ ಪೆಟ್ಟಿಗೆಯಲ್ಲಿ ಶೇ 50 ಎಂದು ಕೊಟ್ಟರೆ ಅದು 2000×1500 ಆಗುತ್ತದೆ. ಅಂದರೆ 1.2 ಕೋಟಿ ಪಿಕ್ಸೆಲ್‌ಗಳು 30 ಲಕ್ಷಕ್ಕೆ ಇಳಿಯುತ್ತವೆ. ಉಳಿಯುವುದು ಅರ್ಧವಲ್ಲ, ಕಾಲು ಭಾಗ. ಉದ್ದ-ಅಗಲದ ಅನುಪಾತ ಕಾಯುವ ಆಯ್ಕೆಯ ಗುರುತು ತೆಗೆದು ಒಂದೇ ಬದಿಯನ್ನು ಎಳೆದರೆ ದುಂಡು ಮುಖ ಸೋರೆಕಾಯಿಯಾಗುತ್ತದೆ.

ಹಿಗ್ಗಿಸುವಾಗ ಇಲ್ಲದ ಪಿಕ್ಸೆಲ್‌ಗಳನ್ನು ತಂತ್ರಾಂಶವು ಅಕ್ಕಪಕ್ಕದವುಗಳ ಬಣ್ಣ ನೋಡಿ ಅಂದಾಜಿಸುತ್ತದೆ. ಚಿತ್ರ ತಿದ್ದುವ ತಂತ್ರಾಂಶವಾದ ಗಿಂಪ್‌ನಲ್ಲಿ ಇದಕ್ಕೆ ಲೀನಿಯರ್, ಕ್ಯೂಬಿಕ್ ಮುಂತಾದ ವಿಧಾನಗಳಿವೆ. ಯಾವುದನ್ನು ಆರಿಸಿದರೂ ಕ್ಯಾಮೆರಾ ಹಿಡಿಯದ ವಿವರ ಬಾರದು. ಅಂಚುಗಳು ಮಸುಕಾಗುತ್ತವೆ, ಅಷ್ಟೆ.

ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ರೂಢಿ. ಆ ಲೆಕ್ಕದಲ್ಲಿ 3.5×4.5 ಸೆಂ.ಮೀ. ಭಾವಚಿತ್ರಕ್ಕೆ ಸುಮಾರು 413×531 ಸಾಕು. ಆನ್‌ಲೈನ್ ಅರ್ಜಿಗಳು ವಿಧಿಸುವ ಕೆಬಿ ಮಿತಿಯ ಸಂಗತಿ ಬೇರೆ: ಕಡತದ ಗಾತ್ರ ಪಿಕ್ಸೆಲ್‌ಗಳ ಜತೆಗೆ ಜೆಪೆಗ್ ಗುಣಮಟ್ಟವನ್ನೂ ಅವಲಂಬಿಸಿದೆ. ಕುಗ್ಗಿಸಿದ ಪ್ರತಿಯನ್ನು ಅದೇ ಹೆಸರಿನಲ್ಲಿ ಉಳಿಸಿದರೆ ಮೂಲ ಅಳಿಯುತ್ತದೆ. ‘ಸೇವ್ ಆ್ಯಸ್’ ಬಳಸುವುದು ಕ್ಷೇಮ.